ಆರು ಚೀಲದ ಕೋಟೆ

ಇನ್ನು ಮುಂದೆ ನಮ್ಮ ಮನೆಯಲ್ಲಿ ಮಗುವಿಗೆ ಒಂದು ಗೀರೂ ಬೀಳಕೂಡದು! ದೇವದುರ್ಗದಲ್ಲಿ ಶಿಕ್ಷಕರ ತರಬೇತಿ ಮುಗಿಸಿ ರಾಯಚೂರಿನ ಬಸ್ಸು ಹತ್ತಿದಾಗಲೇ ನಾನು ಪ್ರತಿಜ್ಞೆ ಮಾಡಿಬಿಟ್ಟೆ. ಐದು ವರ್ಷದೊಳಗಿನ ಮಕ್ಕಳಿಗೆ ಪೆಟ್ಟಾಗುವುದು ಹೆಚ್ಚಾಗಿ ಮನೆಯೊಳಗೇ, ಅದೂ ದೊಡ್ಡವರ ಕಣ್ಣು ತಪ್ಪಿದಾಗ ಎಂದು ತರಬೇತಿಗೆ ಬಂದ ಡಾಕ್ಟರರೊಬ್ಬರು ಹೇಳಿದ್ದರು. ಬೀಳುವುದು, ಸುಟ್ಟುಕೊಳ್ಳುವುದು, ಸಿಕ್ಕಿದ್ದನ್ನು ನುಂಗುವುದು. ಕೇಳುತ್ತಾ ಕೂತವನಿಗೆ ಕಂಡದ್ದೆಲ್ಲ ನನ್ನ ಮೂರು ವರ್ಷದ ಮಗಳು ಐಶ್ವರ್ಯಳೇ.

ಇಷ್ಟು ದಿನ ನಮ್ಮಲ್ಲಿದ್ದ ಒಂದೇ ಚಿಕಿತ್ಸೆ ನನ್ನ ಅವ್ವ ಬಸವಂತಮ್ಮನದು. ಮಗು ಎಡವಿ ಬಿದ್ದರೆ ಎತ್ತಿಕೊಂಡು, "ಯಾರ್ ಬಡದ್ರ ಯವ್ವಾ ನಿನಗ?" ಎನ್ನುವಳು. ಮಗು ಹೊಸ್ತಿಲು ತೋರಿಸಿದರೆ ಹೊಸ್ತಿಲಿಗೆ ಏಟು, ಮಂಚ ತೋರಿಸಿದರೆ ಮಂಚಕ್ಕೆ ಏಟು. ಅಳು ಅಲ್ಲಿಗೇ ನಿಲ್ಲುತ್ತಿತ್ತು. ಇದು ಅವೈಜ್ಞಾನಿಕ ಎಂದು ನಾನು ಅರ್ಧ ಗಂಟೆ ಭಾಷಣ ಬಿಗಿದೆ. ಅವ್ವ ಶೇಂಗಾ ಸುಲಿಯುತ್ತಾ ಕೇಳಿಸಿಕೊಂಡಳು.

ಭಾನುವಾರ ಹೆಂಡತಿ ಸುನಂದಾ ತನ್ನ ಬಸುರಿ ತಂಗಿಯ ಕುಬಸಕ್ಕೆಂದು ಮಾನ್ವಿಗೆ ಹೊರಟಳು. "ಕೂಸಿನ ಮ್ಯಾಲ ಒಂದು ಕಣ್ಣಿಟ್ಟಿರ್ರಿ, ಸಾಕು," ಎಂದಳು.

ಬರೀ ಕಣ್ಣೇ? ನಾನು ಕೋಟೆಯನ್ನೇ ಕಟ್ಟಿದೆ! ಈಳಿಗೆ, ಕತ್ತರಿ, ಫಿನೈಲು, ಅವ್ವನ ಬಿಪಿ ಗುಳಿಗೆ ಎಲ್ಲವನ್ನೂ ಅಡುಗೆಮನೆ ಬಾಗಿಲ ಪಕ್ಕದ ಎತ್ತರದ ಗೂಡಿಗೆ ಏರಿಸಿದೆ. ಮಗು ಒಲೆಯ ಹತ್ತಿರ ಸುಳಿಯದಂತೆ, ವರ್ಷಕ್ಕೆಂದು ಮಿಲ್ಲಿನಿಂದ ತಂದಿದ್ದ ಆರು ಅಕ್ಕಿಚೀಲಗಳನ್ನು ಬಾಗಿಲಿಗೆ ಅಡ್ಡ ಪೇರಿಸಿದೆ. ಕೆಳಗೆ ಮೂರು, ಮೇಲೆ ಎರಡು, ತುದಿಗೆ ಒಂದು. ಆಮೇಲೆ ಕೋಟೆಯ ಫೋಟೊ ತೆಗೆದು ತರಬೇತಿಯ ವಾಟ್ಸಾಪ್ ಗುಂಪಿಗೆ ಹಾಕಿ, ಬಂದ ಹೊಗಳಿಕೆಗಳನ್ನು ಒಂದೊಂದಾಗಿ ಓದುತ್ತಾ ಕೂತೆ.

ಮನೆ ವಿಪರೀತ ಸುಮ್ಮನಿದೆ ಅನ್ನಿಸಿ ತಲೆ ಎತ್ತಿದೆ. ಐಶ್ವರ್ಯ ತುದಿಯ ಚೀಲದ ಮೇಲೆ ನಿಂತಿದ್ದಳು! ಕೋಟೆ ಎಂದುಕೊಂಡು ನಾನೇ ಅವಳಿಗೆ ಮೆಟ್ಟಿಲು ಕಟ್ಟಿಕೊಟ್ಟಿದ್ದೆ. ಅವಳ ಕೈಯಲ್ಲಿ ಗುಳಿಗೆಯ ಡಬ್ಬಿ. ತಕ್ಷಣ ಓಡಿ ಹಿಡಿಯಬೇಕಿತ್ತು. ಆದರೂ ಸುಳ್ಳೇಕೆ ಹೇಳಲಿ, ಯಾರ ನೆರವೂ ಇಲ್ಲದೆ, ಸದ್ದೂ ಮಾಡದೆ ಇಷ್ಟೆತ್ತರ ಏರಿದ ಆ ಗೇಣುದ್ದದ ಜೀವವನ್ನು ಬೆರಗಾಗಿ ಒಂದು ಕ್ಷಣ ನೋಡುತ್ತಲೇ ಕೂತುಬಿಟ್ಟೆ.

ಅವಳು ನನ್ನನ್ನು ನೋಡಿ ನಕ್ಕು, ಡಬ್ಬಿಯ ಮುಚ್ಚಳಕ್ಕೆ ಹಲ್ಲು ಹಚ್ಚಿದಳು. ನಾನು ಹಾರಿದೆ. ಕಾಲು ಕೆಳಗಿನ ಚೀಲಕ್ಕೆ ತಾಗಿ, ಮಗಳನ್ನು ಎದೆಗವಚಿಕೊಂಡೇ ಧೊಪ್ಪನೆ ಬಿದ್ದೆ. ಡಬ್ಬಿ ದೂರ ಉರುಳಿತು. ಪುಣ್ಯಕ್ಕೆ ಮುಚ್ಚಳ ಭದ್ರವಾಗಿತ್ತು. ಮಗುವಿಗೆ ಒಂದು ಗೀರೂ ಆಗಿರಲಿಲ್ಲ. ನನ್ನ ಹಣೆಯಲ್ಲಿ ಮಾತ್ರ ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿತ್ತು.

ಅವ್ವ ಅಂಗಳದಿಂದ ಓಡಿ ಬಂದಳು. ಮೊಮ್ಮಗಳನ್ನು ಮೈಯೆಲ್ಲ ತಡವಿ ನೋಡಿ, ಆಮೇಲೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನನಗೆ ನಲವತ್ತು ತುಂಬಿದ್ದನ್ನೂ ಮರೆತು ಕೇಳಿದಳು: "ಯಾರ್ ಬಡದ್ರೋ ಯಪ್ಪಾ ನಿನಗ?"

ನಾನು ಬಾಯಿ ತೆರೆಯುವ ಮೊದಲೇ ಐಶ್ವರ್ಯ ತನಿಖೆಗೆ ಇಳಿದಳು. ನೆಲ ನೋಡಿದಳು, ಬಿಟ್ಟಳು. ಚೀಲ ನೋಡಿದಳು, ಅದನ್ನೂ ಬಿಟ್ಟಳು. ನೆಟ್ಟಗೆ ಬಂದು ನನ್ನ ಬೆನ್ನಿಗೆ ಎರಡು ಬಾರಿಸಿ, "ಚೀಲಾ ಅಪ್ಪ ಇಟ್ಟಾನ," ಎಂದಳು.

ಅವೈಜ್ಞಾನಿಕ ಎಂದಿದ್ದೆನಲ್ಲ, ಹಣೆಯ ನೋವು ಅಲ್ಲೇ ಅರ್ಧ ಇಳಿಯಿತು.