ಮನೆಯಲ್ಲಿ ಆರ್ಭಟ, ಕಾಡಿನಲ್ಲಿ ಮೌನ: ಬೇಟೆನಾಯಿ ಹೆಲ್ಕಾ ಅವರಿಗೊಂದು ಬಹಿರಂಗ ಪತ್ರ

ಕೊರ್ಪಿವಾರಾ ಬೇಟೆಗಾರರ ಸಂಘದ ಅತಿ ಕಿರಿಯ ಸದಸ್ಯೆಯೂ, ನಮ್ಮ ಮನೆಯ ಜಗಲಿ, ಅಡುಗೆಮನೆಯ ಚಾಪೆ ಹಾಗೂ ನನ್ನ ಎಡಗಾಲಿನ ಬೂಟು ಇವುಗಳ ಏಕೈಕ ಒಡತಿಯೂ ಆದ ಕುಮಾರಿ ಹೆಲ್ಕಾ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಜೋಲುಕಿವಿಗಳೆರಡೂ ಕ್ಷೇಮವೆಂದು ಬಲ್ಲೆ, ಏಕೆಂದರೆ ಇಂದು ಬೆಳಿಗ್ಗೆ ಅವನ್ನು ಮಡಚಿ ಹಿಡಿದು ಒಳಗೆಲ್ಲ ಒರೆಸಿದವಳು ನಾನೇ. ನನ್ನ ಕ್ಷೇಮವನ್ನು ತಾವು ವಿಚಾರಿಸಿಲ್ಲವಾದ್ದರಿಂದ ನಾನಾಗಿಯೇ ತಿಳಿಸುತ್ತೇನೆ: ಮಗಳು ಲೆಂಪಿ ಹುಟ್ಟಿದಂದಿನಿಂದ ನಾನು ನಿದ್ದೆ ಮಾಡಿಲ್ಲ, ಕಾಫಿಯ ಮೇಲೆ ನಿಂತಿದ್ದೇನೆ, ನಿನ್ನೆ ಗಂಜಿಗೆ ಉಪ್ಪೆಂದು ಬಟ್ಟೆ ಸೋಪಿನ ಪುಡಿ ಹಾಕಿದ್ದು ಕಲಕುವಾಗ ನೊರೆ ಬಂದ ಮೇಲೆ ಗೊತ್ತಾಯಿತು.

ತಾವು ನಮ್ಮ ಮನೆಗೆ ದಯಮಾಡಿಸಿದಾಗ ನಾನು ತುಂಬು ಬಸುರಿ. ನನ್ನ ಗಂಡ ಓಸ್ಸಿ ತಮ್ಮನ್ನು ಜಾಕೆಟ್ಟಿನೊಳಗೆ ಬಚ್ಚಿಟ್ಟುಕೊಂಡು ಬಂದು, "ಎರಡೂ ಒಟ್ಟಿಗೇ ಬೆಳೀತಾವೆ ಬಿಡೇ, ಒಂದೇ ಸಲಕ್ಕೆ ಮುಗಿದುಹೋಗುತ್ತೆ" ಅಂದಿದ್ದ. ಒಟ್ಟಿಗೆ ಬೆಳೆದಿರೇನು? ಲೆಂಪಿ ಕತ್ತು ನಿಲ್ಲಿಸಲು ಹೆಣಗುತ್ತಿದ್ದಾಗ ತಾವು ಮೆಟ್ಟಿಲು ಹತ್ತುತ್ತಿದ್ದಿರಿ. ಅವಳ ಒಸಡಿನಲ್ಲಿ ಹಲ್ಲಿನ ಸುಳಿವೂ ಇಲ್ಲದಾಗ ತಾವು ಹಾಲುಹಲ್ಲುಗಳನ್ನು ಉದುರಿಸಿ, ಹೊಸವನ್ನು ಪಡೆದು, ಅವುಗಳ ಹರಿತವನ್ನು ಮೇಲೆ ಹೇಳಿದ ಬೂಟಿನ ಮೇಲೆ ಪರೀಕ್ಷಿಸಿ ತೃಪ್ತರಾಗಿದ್ದಿರಿ. ವರ್ಷ ತುಂಬುವ ಮೊದಲೇ ಎತ್ತರ, ಎದೆ, ಗಾಂಭೀರ್ಯ ಎಲ್ಲವನ್ನೂ ಸಂಪಾದಿಸಿದ ತಮ್ಮ ಕಾರ್ಯದಕ್ಷತೆಗೆ ತಲೆಬಾಗುತ್ತೇನೆ. ಎಲುಬು ಬಲಿಯುವ ತನಕ ತಮ್ಮನ್ನು ಹೆಚ್ಚು ಓಡಿಸಬಾರದೆಂದು, ಹೊಟ್ಟೆ ತುಂಬಿದೊಡನೆ ಕುಣಿಯಲು ಬಿಡಬಾರದೆಂದು, ಬೆರಳ ಸಂದಿಯಲ್ಲಿ ಹಿಮದ ಗುಂಡುಗಳು ಕಟ್ಟದಂತೆ ಕೊಬ್ಬು ಸವರಬೇಕೆಂದು ಓದಿಕೊಂಡು ಹಾಗೆಯೇ ನಡೆದುಕೊಂಡಿದ್ದೇನೆ. ನನ್ನ ಸ್ವಂತ ಹಿಮ್ಮಡಿ ಒಡೆದು ಕಂದಕವಾಗಿದೆ ಎಂಬುದು ಬೇರೆ ಮಾತು.

ಈಗ ದೂರಿಗೆ ಬರುತ್ತೇನೆ. ನಮ್ಮ ಕಡೆಯ ಎಲ್ಲ ಕೂಸುಗಳಂತೆ ಲೆಂಪಿಯೂ ಹಗಲು ನಿದ್ದೆಯನ್ನು ಮಾಡುವುದು ಹೊರಗೆ, ಜಗಲಿಯ ಮೇಲೆ, ತಳ್ಳುಗಾಡಿಯಲ್ಲಿ, ಕೊರೆಯುವ ತಂಪಿನಲ್ಲಿ. ಅವಳ ರೆಪ್ಪೆ ಮುಚ್ಚಿ, ನಾನು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು, ದಿಂಬಿಗೆ ತಲೆ ತಾಗಿಸುವ ಆ ಗಳಿಗೆಗೇ ತಾವು ಕಾದಿರುತ್ತೀರಿ. ಅಂಚೆಯವನ ಕಾರಿಗೆ, ಹಿಮ ಗೋರುವ ಲಾರಿಗೆ, ಸೂರಿನಿಂದ ಜಾರಿದ ಹಿಮಕ್ಕೆ, ಏನೂ ಸಿಗದಿದ್ದರೆ ಗಾಳಿಗೆ, ಊರಾಚೆಯ ಸರೋವರದ ತನಕ ಕೇಳುವಂತೆ ತಾವು ಮಾಡುವ ಆ ಸುದೀರ್ಘ ಭಾಷಣವನ್ನು ಸಂಘದವರೆಲ್ಲ ಮೆಚ್ಚಬಹುದಿತ್ತು, ಅದನ್ನು ತಾವು ಕಾಡಿನಲ್ಲಿ ಮಾಡಿದ್ದಿದ್ದರೆ!

ಕಾಡಿನಲ್ಲಾದರೋ ತಾವು ಮೌನವ್ರತ ಹಿಡಿಯುತ್ತೀರಿ. ವಾಸನೆ ಹಿಡಿದು, ಮೊಲವನ್ನೆಬ್ಬಿಸಿ, ಬೊಗಳುತ್ತ ಬೆನ್ನಟ್ಟಿ, ಅದನ್ನು ಸುತ್ತುಹಾಕಿಸಿ ಎದ್ದ ಜಾಗಕ್ಕೇ, ಬಂದೂಕು ಹಿಡಿದು ಕಾದವರ ಮುಂದಕ್ಕೇ, ತರುವುದು ತಮ್ಮ ಕುಲದ ಕಸುಬು. ತಾವೋ ಇಡೀ ಚಳಿಗಾಲ ನನ್ನ ಮಾವ ತೌನೋ ಅವರ ಹಿಂದೆ ಹಿಂದೆಯೇ ನಡೆದಿರಿ. "ಮೊಲ ಮೂಗಿನ ಮುಂದೇನೇ ಹಾದುಹೋಯ್ತು ಕಣಮ್ಮಾ," ಎಂದು ಮಾವ ನನಗೆ ವರದಿ ಒಪ್ಪಿಸಿದರು, "ಈ ಮಹಾತಾಯಿ ನನ್ನ ಸಾಸೇಜ್ ಬೆಂದಿದೆಯಾ ಅಂತ ನೋಡ್ತಾ ಕೂತಿದ್ಲು!" ಕೊನೆಗೆ ತೀರ್ಪೂ ಕೊಟ್ಟರು: "ಫೆಬ್ರವರಿ ಮುಗಿಯೋದ್ರೊಳಗೆ ಕಾಡಲ್ಲಿ ಬಾಯಿ ಬಿಡದಿದ್ರೆ ಕಾಯಾನಿ ಪೇಟೇಲಿರೋ ನನ್ನ ತಂಗಿಗೆ ಕೊಟ್ಬಿಡೋಣ. ಮೂರನೇ ಮಹಡಿ. ಸೋಫಾ ಮೇಲೆ ಕೂತು ಟೀವಿ ನೋಡ್ಲಿ."

ಮುಚ್ಚುಮರೆ ಯಾಕೆ, ಈ ತೀರ್ಪು ಕೇಳಿ ನಾನು ಒಳಗೊಳಗೇ ಹಿಗ್ಗಿದೆ. ಜಗಲಿಯ ಮೌನವನ್ನು ನೆನೆದು ಕಣ್ಣು ತುಂಬಿ ಬಂತು. ಆದರೆ ಆ ವಾರವೇ ಲೆಂಪಿಯನ್ನು ಶಿಶು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಅವಳಿನ್ನೂ ಮಗುಚಿಕೊಳ್ಳುವುದಿಲ್ಲ ಎಂಬ ಚಿಂತೆ ನನ್ನನ್ನು ತಿನ್ನುತ್ತಿತ್ತು. ದಾದಿ ರೈಯಾ ನಕ್ಕು, "ಒಬ್ಬೊಬ್ಬರದು ಒಂದೊಂದು ಹೊತ್ತು ಕಣೇ ಹುಡುಗಿ, ಅವಳೇ ಮಾಡ್ತಾಳೆ" ಅಂದಳು. ಹಗುರಾಗಿ ಮನೆಗೆ ಬಂದರೆ ಮಾವ ಕಾಫಿ ಕುಡಿಯುತ್ತ, "ನಮ್ಮ ಓಸ್ಸಿ ಇಷ್ಟೊತ್ತಿಗೆ ಎದ್ದು ಕೂತ್ಕೋತಿದ್ದ" ಅಂದರು. ಅದೇ ಉಸಿರಿನಲ್ಲಿ ಮೇಜಿನ ಕೆಳಗೆ ಬಗ್ಗಿ ತಮ್ಮನ್ನು ನೋಡಿ, "ಇವಳಮ್ಮ ಇಷ್ಟೊತ್ತಿಗೆ ಮೊಲ ಎಬ್ಬಿಸ್ತಿದ್ಲು" ಅಂದರು. ತಾವು ಕಿವಿ ಇಳಿಬಿಟ್ಟು ನನ್ನನ್ನು ನೋಡಿದಿರಿ. ಮಾನ್ಯರೇ, ಆ ಕ್ಷಣದಲ್ಲಿ ನಾನು ಪಕ್ಷಾಂತರ ಮಾಡಿದೆ. ತಮ್ಮ ದನಿಯನ್ನು ಅಷ್ಟು ಶಪಿಸಿದವಳು ಅಂದಿನಿಂದ ಅದು ಕಾಡಿನಲ್ಲಿ ಏಳಲೆಂದು ಹಾರೈಸತೊಡಗಿದೆ.

ಆದರೆ ತಾವು ಅವಸರಪಡುವವರಲ್ಲ. ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆಯೂ ಬರಿಗಂಟಲಲ್ಲಿ ಮರಳಿದಿರಿ. ಗಂಡಸರು ಮುಖ ಊದಿಸಿಕೊಂಡು ಹಬೆಸ್ನಾನದ ಸೌನಾಮನೆಯ ಒಲೆ ಹೊತ್ತಿಸಲು ಹೋದರು. ಮಧ್ಯಾಹ್ನ ತಮ್ಮನ್ನೊಯ್ಯಲು ಕಾಯಾನಿಯಿಂದ ಕಾರು ಬರುವುದೆಂದು ನಿಶ್ಚಯವಾಯಿತು. ಕಡೆಯ ಸಲವೆಂದು ನಾನು ಲೆಂಪಿಯ ಜಾರುಗಾಡಿಯನ್ನೂ ತಮ್ಮನ್ನೂ ಕಾಡುದಾರಿಗೆ ಕರೆದೊಯ್ದೆ. ಏರಿನಲ್ಲಿ ಗಾಡಿ ತಳ್ಳಲು ಎರಡೂ ಕೈ ಬೇಕಾದ್ದರಿಂದ ತಮ್ಮ ಹಗ್ಗ ಬಿಚ್ಚಿಬಿಟ್ಟೆ. ಲೆಂಪಿಗೆ ಆಗಷ್ಟೇ ಜೊಂಪು ಹತ್ತಿತ್ತು.

ಆಗ ಎಳೆಯ ಫರ್ ಮರಗಳ ಬುಡದಿಂದ ಬಿಳಿ ಮೊಲವೊಂದು ನೆಗೆಯಿತು. ತಾವು ಮೂಗನ್ನು ಹಿಮಕ್ಕಿಟ್ಟಿರಿ, ನನ್ನೆಡೆಗೊಮ್ಮೆ ತಿರುಗಿದಿರಿ, ಮತ್ತೆ, ಇಡೀ ಚಳಿಗಾಲ ಕೂಡಿಟ್ಟದ್ದನ್ನೆಲ್ಲ ಸರಿಯಾಗಿ ಗಾಡಿಯ ಪಕ್ಕದಲ್ಲೇ ನಿಂತು ಸುರಿದುಬಿಟ್ಟಿರಿ! ಲೆಂಪಿ ಕಿರುಚಿಕೊಂಡು ಎದ್ದಳು. ತಾವು ಹಾಡುತ್ತ ಮರಗಳೊಳಗೆ ಮಾಯವಾದಿರಿ. ನಾನು ಓಸ್ಸಿಗೆ ಫೋನು ಮಾಡಿ, ಫೋನನ್ನು ಕಾಡಿನ ಕಡೆ ಹಿಡಿದೆ. ಅತ್ತಲಿಂದ ಮಾವನ ಗರ್ಜನೆ: "ಮಗೂನ ಸುಮ್ಮನಿರಿಸಮ್ಮಾ, ನಾಯಿ ಕೇಳಿಸ್ತಿಲ್ಲ!"

ಇಬ್ಬರೂ ಓಡಿ ಬಂದರು, ಮಾವ ಒಂದು ಕಾಲಿಗೆ ಚಪ್ಪಲಿ ಇನ್ನೊಂದಕ್ಕೆ ಬೂಟು ಹಾಕಿಕೊಂಡು. ಕೊರೆವ ಚಳಿಯಲ್ಲಿ ತುಪ್ಪಳದ ಟೋಪಿಯ ಕಿವಿಮುಚ್ಚುಗಳನ್ನು ಮೇಲೆತ್ತಿ ನಿಂತರು. ತಮ್ಮ ದನಿ ಜೌಗಿನಾಚೆ ಹೋಗಿ ತೆಳುವಾಯಿತು, ನಿಂತೇಹೋಯಿತೆನ್ನುವಾಗ ಗುಡ್ಡದ ಬೆನ್ನಿನಿಂದ ಮತ್ತೆ ಎದ್ದು, ತುಂಬಿಕೊಂಡು, ನಮ್ಮತ್ತಲೇ ತಿರುಗಿತು. "ಅವಳಮ್ಮನದೇ ಗಂಟಲು," ಎಂದು ಮಾವ ಮೂಗೊರೆಸಿಕೊಂಡರು. ಚಳಿ ಅಂತೆ. ಓಸ್ಸಿ ಎದೆಯುಬ್ಬಿಸಿ, "ನೋಡಿದ್ಯಾ ಸೈಮಿ, ಹೆಂಗೆ ತಯಾರು ಮಾಡಿದ್ದೀನಿ!" ಅಂದ. ಅವಸರದಲ್ಲಿ ಯಾರೂ ಬಂದೂಕು ತಂದಿರಲಿಲ್ಲವಾದ್ದರಿಂದ ಮೊಲವೂ ಕ್ಷೇಮ. ಮಾವ ನಿಂತಲ್ಲಿಂದಲೇ ತಂಗಿಗೆ ಫೋನು ಮಾಡಿ, "ಹೊರಡಬೇಡ ಕಣೇ. ನಾಯಿ ಎಲ್ಲಿಗೂ ಬರಲ್ಲ" ಅಂದರು.

ಹೀಗಾಗಿ ತಾವು ನಮ್ಮಲ್ಲೇ ಉಳಿದಿದ್ದೀರಿ, ನನ್ನ ದೂರೂ ಹಾಗೆಯೇ ಉಳಿದಿದೆ. ಮುಂದಿನ ದಿನಗಳಲ್ಲಿ ಹಿಮದ ಲಾರಿಯ ವಿರುದ್ಧದ ಆಕ್ಷೇಪಣೆಗಳನ್ನು ತಾವು ಪಿಸುದನಿಯಲ್ಲಿ ಸಲ್ಲಿಸಬೇಕೆಂದು ಕೋರುತ್ತೇನೆ. ಮತ್ತೊಂದು ಕೋರಿಕೆಯಿದೆ. ತಮ್ಮ ಕುಲದ ಆಯುಸ್ಸು ಹನ್ನೆರಡು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೊಂದೆರಡು ಎಂದು ಓದಿದೆ. ಲೆಂಪಿಗೆ ಆಗ ಬಾಗಿಲನ್ನು ಧಡಾರನೆ ಹಾಕಿಕೊಂಡು, ಅಮ್ಮನ ಮೇಲಿನ ಸಿಟ್ಟನ್ನೆಲ್ಲ ತಮ್ಮ ಆ ಜೋಲುಕಿವಿಯಲ್ಲಿ ಹೇಳಿಕೊಳ್ಳುವ ವಯಸ್ಸು. ಸರಿಯಾಗಿ ಅದೇ ಹೊತ್ತಿಗೆ ಹೊರಟುಹೋಗುವುದು ತಮ್ಮಂಥವರಿಗೆ ಶೋಭಿಸುವುದಿಲ್ಲ. ಬೆಳೆಯುವುದರಲ್ಲಿ ಅಷ್ಟು ಅವಸರ ತೋರಿದವರು ಮುದಿಯಾಗುವುದರಲ್ಲಾದರೂ ಸಾವಕಾಶ ಮಾಡಬೇಕೆಂದು, ಬೇಕಿದ್ದರೆ ನನ್ನ ಬಲಗಾಲಿನ ಬೂಟನ್ನೂ ಬಿಟ್ಟುಕೊಡುತ್ತೇನೆಂದು ವಿನಂತಿಸುತ್ತೇನೆ.

ನಿದ್ದೆ ಕೆಟ್ಟರೂ ವಿಶ್ವಾಸ ಕೆಡದ ತಮ್ಮ,
ಸೈಮಿ ಮುಸ್ತೋನೆನ್

ಮರೆತ ಮಾತು: ಮಾರ್ಚ್ ಹುಟ್ಟುತ್ತಲೇ ಆಗಸ್ಟಿನ ತನಕ ನಾಯಿಗಳನ್ನು ಹಗ್ಗ ಬಿಚ್ಚಿ ಅಲೆಯಲು ಬಿಡಕೂಡದೆಂದು ಕಾನೂನಿದೆ. ತಮ್ಮ ಹಾಡನ್ನು ಫೋನಿನಲ್ಲಿ ತುಂಬಿಕೊಂಡು ಮನೆಮನೆಗೆ ಹೋಗಿ ಕೇಳಿಸಿಬರುತ್ತಿರುವ ಗಂಡಂದಿರ ವಿಷಯದಲ್ಲಿ ಕಾನೂನು ಏನೂ ಹೇಳುವುದಿಲ್ಲವಾದ್ದರಿಂದ, ಹಗ್ಗವೊಂದು ಹೆಚ್ಚಿಗೆ ಇದ್ದರೆ ಎರವಲು ಕೊಡುವುದು.