ಬಬಲೇಶ್ವರದಲ್ಲಿ ತೆರಿಗೆ ಹೋದ ಮಧ್ಯಾಹ್ನ

ತೆರಿಗೆ ಎಂಬ ಮಾತು ಬಂದಲ್ಲೆಲ್ಲ ನಮ್ಮ ಕಡೆಯ ಮಂದಿ ಒಂದೋ ಜಗಳಕ್ಕೆ ನಿಲ್ಲುತ್ತಾರೆ, ಇಲ್ಲವೇ ನಿದ್ದೆ ಹೋಗುತ್ತಾರೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು, ಮನೆಗೆ ಬಂದರೆ ವ್ಯಾಪಾರಿಯ ಹೆಂಡತಿ. ಹೀಗಾಗಿ ಹಗಲು ನಿದ್ದೆ ನೋಡುತ್ತೇನೆ, ಸಂಜೆ ಜಗಳ ನೋಡುತ್ತೇನೆ. ಅದರ ಮೇಲೆ ನನಗೊಂದು ಚಟ. ಮಾತಾಡುತ್ತ ಮಾತಾಡುತ್ತಲೇ ಮನಸ್ಸು ಕಿಟಕಿಯಾಚೆ ಹೋಗಿಬಿಡುತ್ತದೆ. ಕೈಯಲ್ಲಿ ಸೀಮೆಸುಣ್ಣ ಇರುತ್ತದೆ, ನಾನು ಇರುವುದಿಲ್ಲ. ಎಷ್ಟೋ ಸಂಗತಿಗಳು ಎಚ್ಚರದಲ್ಲಿ ಆದವೋ ಜೋಂಪಿನಲ್ಲಿ ಆದವೋ ಎಂದು ಆಮೇಲೆ ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಳ್ಳಬೇಕಾಗುತ್ತದೆ. ಇವಿಷ್ಟು ಮಾತ್ರ ಖರೇ ಆದವು.

ಊಟದ ನಂತರದ ಪಿರಿಯಡ್

ನಾನು ವಿಜಯಪುರದ ಜಲನಗರದ ಮನೆಯಿಂದ ತಿಕೋಟಾದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ಊಟದ ನಂತರದ ಪಿರಿಯಡ್ ಯಾವಾಗಲೂ ನನ್ನದೇ. ಹೊರಗೆ ಬೇವಿನ ಮರ ಒಂದೇ ಸಮನೆ ತೂಗುತ್ತಿರುತ್ತದೆ, ಒಳಗೆ ಅದರ ನೆರಳು ಗೋಡೆಯ ಮೇಲೆ ತೂಗುತ್ತಿರುತ್ತದೆ, ನಡುವೆ ವಿದ್ಯಾರ್ಥಿಗಳು ತೂಗುತ್ತಿರುತ್ತಾರೆ.

ಆ ದಿನ ನ್ಯಾಯವಾದ ತೆರಿಗೆ ಎಂದರೇನು ಎಂಬ ಪಾಠ. ಯಾರಿಗೆ ಹೊರುವ ಶಕ್ತಿ ಇದೆಯೋ ಅವರ ಹೆಗಲ ಮೇಲೆ ಹೆಚ್ಚು ಹೊರಿಸಬೇಕು, ಶಕ್ತಿ ಇಲ್ಲದವರಿಗೆ ವಿನಾಯಿತಿ ಕೊಡಬೇಕು ಎಂದು ವಿವರಿಸುತ್ತ ನನಗೇ ಕಣ್ಣು ಎಳೆಯತೊಡಗಿತು. ಎಚ್ಚರ ಆಗಲಿ ಎಂದು ಪ್ರಶ್ನೆ ಕೇಳಿದೆ. "ಹಂಗಾದ್ರ ಯಾವುದರ ಮ್ಯಾಲ ಸರಕಾರ ಯಾವತ್ತೂ ತೆರಿಗಿ ಹಾಕಬಾರದು?"

ಕೊನೆಯ ಬೆಂಚಿನಲ್ಲಿ ಮೇಜಿನ ಮೇಲೆ ಗಲ್ಲ ಇಟ್ಟಿದ್ದ ಒಬ್ಬ ಕಣ್ಣು ತೆರೆಯದೆಯೇ ಹೇಳಿದ. "ಮಧ್ಯಾಹ್ನದ ನಿದ್ದಿ ಮ್ಯಾಲರಿ ಮೇಡಂ."

ಬೇರೆ ದಿನವಾಗಿದ್ದರೆ ಗದರುತ್ತಿದ್ದೆನೇನೋ. ಆ ದಿನ ನನಗೂ ಆ ಮಾತು ಹಿತವಾಗಿ ಕೇಳಿಸಿತು. ಒಪ್ಪುವವರು ಕೈ ಎತ್ತಿ ಎಂದೆ. ಎಚ್ಚರಿದ್ದವರೆಲ್ಲ ಎತ್ತಿದರು.

ಪಾಠ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರಿಂದ ಕರೆ ಬಂತು. ಬಬಲೇಶ್ವರದಲ್ಲಿ ಸುತ್ತಲಿನ ಕಾಲೇಜುಗಳ ಅಣಕು ಸಂಸತ್ತು ನಡೆಯುತ್ತದೆ, ವಿಷಯ ತೆರಿಗೆ ಮತ್ತು ವ್ಯಾಪಾರಿಗಳಿಗೆ ರಿಯಾಯಿತಿ, ನಮ್ಮ ತಂಡವನ್ನು ನೀವೇ ತಯಾರು ಮಾಡಬೇಕು ಎಂದು ಹೇಳಲು ಕರೆದಿದ್ದರಂತೆ. ಅದನ್ನು ಅವರ ಸಹಾಯಕರೇ ನನಗೆ ಪಿಸುದನಿಯಲ್ಲಿ ಹೇಳಬೇಕಾಯಿತು. ಏಕೆಂದರೆ ನಾನು ಒಳಗೆ ಹೋದಾಗ ಪ್ರಿನ್ಸಿಪಾಲರು ಕುರ್ಚಿಗೆ ತಲೆ ಆನಿಸಿ, ನಮ್ಮ ತರಗತಿ ಆಗತಾನೇ ಒಪ್ಪಿದ ವಿನಾಯಿತಿಯನ್ನು ಪೂರ್ತಿಯಾಗಿ ಬಳಸಿಕೊಳ್ಳುತ್ತಿದ್ದರು.

ಇಬ್ಬರದ್ದೂ ಖರೇ

ತಂಡಕ್ಕೆ ಹೇಳಿಕೊಡುವ ಮೊದಲು ದಿಲ್ಲಿಯ ನಿಜವಾದ ಚರ್ಚೆ ನೋಡಿಕೊಳ್ಳೋಣ ಅನಿಸಿತು. ಅಧಿವೇಶನ ನಡೆದಿತ್ತು. ರಜೆ ಇದ್ದ ಒಂದು ದಿನ ಸಿದ್ಧೇಶ್ವರ ಗುಡಿಯ ಹತ್ತಿರವಿರುವ ನಮ್ಮ ಅಂಗಡಿಗೆ ಹೋಗಿ ಕುಳಿತೆ. ನನ್ನ ಗಂಡ ಅಲ್ಲಿ ನೀರೆತ್ತುವ ಪಂಪಿನ ಬಿಡಿಭಾಗ ಮಾರುತ್ತಾರೆ. ಗೋಡೆಗೆ ಒಂದು ಟಿವಿ ಇದೆ. ಸಂಸತ್ತಿನಲ್ಲಿ ತೆರಿಗೆಯ ಮಾತು ಬಂದ ದಿನ ಅಕ್ಕಪಕ್ಕದ ವ್ಯಾಪಾರಿಗಳೆಲ್ಲ ಅದರ ಮುಂದೆ ಜಮಾಯಿಸುತ್ತಾರೆ.

ಪಕ್ಕದ ಅಂಗಡಿಯ ಬಟ್ಟೆ ವ್ಯಾಪಾರಿ ಕಾಕಾ ಎಲ್ಲರಿಗಿಂತ ಮುಂದೆ ಸ್ಟೂಲು ಹಾಕಿಕೊಂಡಿದ್ದರು. ವಯಸ್ಸಾದವರು, ಬಿಳಿ ಟೋಪಿ, ಮಾತು ಕಡಿಮೆ. ಆಡಳಿತ ಪಕ್ಷದವರೊಬ್ಬರು ಎದ್ದು, ವ್ಯಾಪಾರಕ್ಕೆ ಇಷ್ಟೊಂದು ರಿಯಾಯಿತಿ ಹಿಂದೆ ಯಾರೂ ಕೊಟ್ಟಿರಲಿಲ್ಲ ಎಂದರು. ಕಾಕಾ ತಲೆಯಾಡಿಸಿ, "ಖರೇ ಐತಿ" ಅಂದರು. ವಿರೋಧ ಪಕ್ಷದವರು ಎದ್ದು, ರಿಯಾಯಿತಿ ಎಲ್ಲ ದೊಡ್ಡವರಿಗೆ ಹೋಯಿತು, ಸಣ್ಣ ಅಂಗಡಿಯವನಿಗೆ ಬರೀ ಭಾಷಣ ಉಳಿಯಿತು ಎಂದರು. ಕಾಕಾ ಇನ್ನೂ ಆಳವಾಗಿ ತಲೆಯಾಡಿಸಿ, "ಇದೂ ಖರೇ ಐತಿ" ಅಂದರು.

ಸೀಲಿಂಗ್ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ದಿಲ್ಲಿಯ ಕೂಗಾಟ ನಮ್ಮ ಅಂಗಡಿಯ ಎಣ್ಣೆಯ ವಾಸನೆಯಲ್ಲಿ ದೂರದ ಸಂತೆಯ ಸದ್ದಿನ ಹಾಗೆ ಕರಗುತ್ತಿತ್ತು. ಎರಡೂ ಪಕ್ಷದಲ್ಲಿ ಸತ್ಯ ಕಾಣುವ ಇಂಥವರು ಒಳಗಿದ್ದಿದ್ದರೆ ಸದನ ಎಷ್ಟು ಶಾಂತವಾಗಿರುತ್ತಿತ್ತು ಎಂದುಕೊಂಡೆ. ಚರ್ಚೆ ಮುಗಿದ ಮೇಲೆ ಕೇಳಿಯೇಬಿಟ್ಟೆ. "ಕಾಕಾ, ಇಬ್ರೂ ಒಬ್ಬರಿಗೊಬ್ಬರು ಉಲ್ಟಾ ಮಾತಾಡಿದ್ರು. ಇಬ್ರದ್ದೂ ಖರೇ ಹೆಂಗ ಆಕ್ಕೈತ್ರಿ?"

ಕಾಕಾ ನನ್ನ ತುಟಿಯನ್ನೇ ನೋಡಿದರು. ಆಮೇಲೆ ಕಿವಿ ಮುಟ್ಟಿ ತೋರಿಸಿದರು. "ಕಿವಿ ಮಷಿನ್ ಮನ್ಯಾಗ ಬಿಟ್ಟು ಬಂದೀನವ್ವಾ. ಮಾತು ಕೇಳಿಸಲಿಲ್ಲ. ಮಾರಿ ನೋಡಿದ್ನಿ, ಇಬ್ರೂ ಭಾಳ ತ್ರಾಸಿನ್ಯಾಗ ಇದ್ದಂಗ ಕಂಡ್ರು. ಸಮಾಧಾನ ಆಗಲಿ ಅಂತ ಹೂಂ ಅಂದೆ."

ಮೂಲದಾಗ ಕಡಿತ

ಆ ಸಂಜೆ ಮನೆಯಲ್ಲಿ ನನ್ನ ಮತ್ತು ಗಂಡನ ನಡುವೆ ಅದೇ ಚರ್ಚೆ ಮುಂದುವರಿಯಿತು. ಅವರು ಹೇಳಿದರು, "ನೀ ನೌಕರಿಯಾಕಿ. ತೆರಿಗಿ ಹೋಗಿ ಉಳಿದದ್ದು ಕೈಗೆ ಬರ್ತೈತಿ, ನಿನಗ ನೋವು ಗೊತ್ತಾಗಂಗಿಲ್ಲ. ನಂದು ಹಂಗಲ್ಲ. ಕೈಗೆ ಬಂದದ್ದನ್ನ ನಾನ ಎತ್ತಿ ಕೊಡಬೇಕು."

"ನಿಮಗ ಖರ್ಚು ತೋರಿಸಾಕರ ಬರ್ತೈತಿ," ನಾನು ಅಂದೆ. "ನಾ ಬಸ್ಸಿನ ಖರ್ಚು ತೋರಿಸಿದ್ರ ಯಾರು ಕೇಳ್ತಾರ?"

ಅತ್ತೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನಡುವೆ ಕುಳಿತರು. ಅವರಿಗೆ ಒಂದೇ ಒಂದು ಸಂಶಯ. "ಸಂಬಳ ಕೈಗೆ ಬರೂಕಿಂತ ಮೊದಲ ಕಡ್ಕೊಂತಾರ ಅಂದ್ರ ಹೆಂಗ ಬೇ ಅದು?"

ಮೂಲದಲ್ಲೇ ಕಡಿತ ಎಂದರೇನು ಎಂದು ನಾನು ವಿವರಿಸಿದೆ. ಮನೆಯಲ್ಲಿ ನನ್ನ ಪಾಠವನ್ನು ಅಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಮನಿ ಮಂದೀಗೆಲ್ಲಾ ಸರಕಾರ ಕಾಗದ ಕಳಸ್ತೈತಿ. ಮುಂಜಾನೆಯಿಂದ ಸಂಜಿತನಾ ದುಡಿಯಾಕಿ ನಾ. ನನಗ ಒಂದರ ಬಂದೈತೇನು? ನಾ ಈ ದೇಶದಾಗ ಇಲ್ಲೇನು?" ಎಂದರು.

ನಾವಿಬ್ಬರೂ ತಲೆ ತಗ್ಗಿಸಿದೆವು.

ಮರುದಿನ ಊಟಕ್ಕೆ ಕುಳಿತಾಗ ತಟ್ಟೆಯಲ್ಲಿ ಎಂದಿನ ಹಾಗೆ ನಾಲ್ಕು ರೊಟ್ಟಿ ಇರಲಿಲ್ಲ, ಮೂರಿದ್ದವು. ಶೇಂಗಾ ಚಟ್ನಿ, ಎಣ್ಣೆಗಾಯಿ ಎಲ್ಲ ಸರಿಯಾಗಿಯೇ ಇತ್ತು. ಗಂಡ ಇನ್ನೊಂದಕ್ಕೆ ಕೈ ಚಾಚಿದರು. ಅತ್ತೆ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು.

"ಒಂದು ಮೂಲದಾಗ ಕಡ್ಕೊಂಡೀನಿ."

"ಯವ್ವಾ, ನಾ ವ್ಯಾಪಾರಸ್ಥ. ನನಗ ರಿಯಾಯಿತಿ ಇರಬೇಕಲ್ಲ."

"ವರ್ಷದ ಕೊನೀಗಿ ಅರ್ಜಿ ಹಾಕು," ಅತ್ತೆ ಹೇಳಿದರು. "ಜಾಸ್ತಿ ಕಡ್ಕೊಂಡಿದ್ರ ವಾಪಸ್ ಕೊಡ್ತೀನಿ. ರೊಟ್ಟಿ ಒಣಗಿ ಕಟಿ ಆಗಿರ್ತೈತಿ, ಅದಕ್ಕ ನಾ ಜವಾಬ್ದಾರಿ ಅಲ್ಲ."

ಗಾಳಿಯ ಲೆಕ್ಕ

ನಮ್ಮ ತಂಡದಲ್ಲಿ ಅರ್ಥ ಸಚಿವೆಯ ಪಾತ್ರಕ್ಕೆ ನಾನು ಆರಿಸಿದ್ದು ಒಬ್ಬ ಸಣ್ಣ ದನಿಯ ಹುಡುಗಿಯನ್ನು. ತರಗತಿಯಲ್ಲಿ ಅವಳ ಮಾತು ಮೊದಲ ಬೆಂಚು ದಾಟುತ್ತಿರಲಿಲ್ಲ, ಆದರೆ ಮೊದಲ ಬೆಂಚಿಗೆ ಬಂದಷ್ಟೂ ಚಂದ ಇರುತ್ತಿತ್ತು. ಭಾಷಣಕ್ಕೆ ವಿಷಯ ಸಿಗಲಿ ಎಂದು ತಂಡವನ್ನು ತಿಕೋಟಾದ ಹೊರಗಿನ ಒಂದು ಮನೂಕದ ಶೆಡ್ಡಿಗೆ ಕರೆದುಕೊಂಡು ಹೋದೆ. ದ್ರಾಕ್ಷಿ ಒಣಗಿಸಿ ಮನೂಕ ಮಾಡುವ ಜಾಗ. ಸುತ್ತಲೂ ಹಸಿರು ಪರದೆ, ಒಳಗೆ ಮಾಳಿಗೆಯ ಮೇಲೆ ಮಾಳಿಗೆಯ ಹಾಗೆ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ. ಬಿಸಿಲು ಆ ಪರದೆಯಲ್ಲಿ ಸೋಸಿ ಬಂದು ಎಲ್ಲರ ಮುಖವೂ ಹಸಿರಾಗಿ, ಕೆರೆಯ ತಳದಲ್ಲಿ ನಿಂತ ಹಾಗೆ ಇತ್ತು. ಗಾಳಿ ಒಂದು ಕಡೆಯಿಂದ ಒಳಗೆ ಬಂದು ಸಿಹಿ ವಾಸನೆ ಎತ್ತಿಕೊಂಡು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ನಾನು ಅಲ್ಲೇ ಒಂದು ಕ್ರೇಟಿನ ಮೇಲೆ ಕುಳಿತವಳು ಏನು ಕೇಳಲು ಬಂದಿದ್ದೆ ಎನ್ನುವುದನ್ನೇ ಮರೆತೆ.

ಶೆಡ್ಡಿನ ಯಜಮಾನರೇ ಮಾತು ತೆಗೆದರು. "ಹಸಿ ದ್ರಾಕ್ಷಿ ಮಾರಿದ್ರ ತೆರಿಗಿ ಇಲ್ಲರಿ. ಒಣಗಿಸಿ ಪ್ಯಾಟ್ಯಾಗ ಮಾರಿದ್ರ ತೆರಿಗಿ ಐತಿ. ಹಣ್ಣು ಅದ, ಬಳ್ಳಿ ಅದ."

ನನ್ನ ಅರ್ಥ ಸಚಿವೆ ಒಂದು ಮನೂಕ ಬಾಯಿಗೆ ಹಾಕಿಕೊಂಡು ಯೋಚಿಸಿದಳು. "ಹಂಗಾದ್ರ ನಡುವ ಬಂದದ್ದು ಗಾಳಿ ಒಂದರಿ. ತೆರಿಗಿ ದ್ರಾಕ್ಷಿ ಮ್ಯಾಲ ಅಲ್ಲ, ನಮ್ಮ ತಿಕೋಟಾದ ಗಾಳಿ ಮ್ಯಾಲ."

ಯಜಮಾನರು ಪರದೆಯ ಕಡೆ ನೋಡಿ ದನಿ ತಗ್ಗಿಸಿದರು. "ಮೆಲ್ಲಕ ಮಾತಾಡವ್ವಾ. ಕೇಳಿಸ್ಕೊಂಡು ಗಾಳಿ ಬೀಸೂದು ಬಿಟ್ಟಗಿಟ್ಟೀತು."

ಸದನದ ತೀರ್ಮಾನ

ಅಣಕು ಸಂಸತ್ತಿನ ದಿನ ಬಬಲೇಶ್ವರದ ಸಭಾಂಗಣ ಕಿಕ್ಕಿರಿದಿತ್ತು. ಹುಡುಗಿ ನನ್ನ ಪಕ್ಕದಲ್ಲಿ ಕುಳಿತು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ಮೇಡಂ, ನನ್ನ ದನಿ ಯಾರಿಗೂ ಕೇಳಿಸಂಗಿಲ್ರಿ," ಎಂದಳು. ಅದನ್ನು ಕೇಳಿಸಿಕೊಂಡ ಮೈಕಿನವನು, "ನೀ ಚಿಂತಿ ಮಾಡಬ್ಯಾಡ ತಂಗಿ," ಎಂದು ಏನೋ ಒಂದು ಗುಂಡಿ ತಿರುಗಿಸಿದ. ಒಳಗಿನ ಸ್ಪೀಕರಿನ ಜತೆ ಮಾಳಿಗೆಯ ಮೇಲೆ ರಸ್ತೆಗೆ ಮುಖ ಮಾಡಿ ಕಟ್ಟಿದ್ದ ಹಾರ್ನುಗಳಿಗೂ ಅದು ತಾಗಿಕೊಂಡಿತ್ತು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಅವಳು ಎದ್ದು ನಿಂತಳು. ಮೊದಲ ಎರಡು ಮಾತು ನಡುಗಿದವು. ಆಮೇಲೆ ತನ್ನ ದನಿ ತನಗೇ ಅಷ್ಟು ದೊಡ್ಡದಾಗಿ ಕೇಳಿಸಿ ಬೆನ್ನು ನೆಟ್ಟಗಾಯಿತು. "ಮಾನ್ಯ ಸಭಾಧ್ಯಕ್ಷರೇ, ಹೊರುವ ಶಕ್ತಿ ಇದ್ದವರಿಗೆ ಕೊಟ್ಟ ರಿಯಾಯಿತಿಗಳನ್ನು ಈ ಸರಕಾರ ವಾಪಸ್ ಪಡೆಯುತ್ತದೆ. ಸಣ್ಣ ಅಂಗಡಿಗಳ ಮೇಲಿನ ಎಲ್ಲ ತೆರಿಗೆಯನ್ನು ಇಂದಿನಿಂದಲೇ ರದ್ದು ಮಾಡುತ್ತದೆ."

ವಿರೋಧ ಪಕ್ಷದ ಹುಡುಗ ಎದ್ದ. "ಹಾಗಾದರೆ ರಸ್ತೆಗೆ ದುಡ್ಡು ಎಲ್ಲಿಂದ ಬರುತ್ತದೆ?"

ಅದಕ್ಕೆ ನಾವು ಉತ್ತರ ತಯಾರು ಮಾಡಿರಲಿಲ್ಲ. ಹುಡುಗಿ ನನ್ನ ಕಡೆ ನೋಡಿದಳು. ನಾನು ಎಂದಿನಂತೆ ಕಿಟಕಿಯ ಕಡೆ ನೋಡುತ್ತಿದ್ದೆನಂತೆ. ಅವಳು ಬರೆದದ್ದು ಬಿಟ್ಟು ಮನೆಯ ಮಾತಿಗೆ ಇಳಿದಳು. "ನಾವು ಇವತ್ತ ಬಂದ ರಸ್ತಿ ನೋಡಿದ ಮ್ಯಾಲ, ಈಗ ಬರೂ ದುಡ್ಡು ಎಲ್ಲಿ ಹೋಗಾಕತ್ತೈತಿ ಅಂತ ನಾನ ನಿಮ್ಮನ್ನ ಕೇಳಬೇಕಂತೀನ್ರಿ."

ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಮಸೂದೆ ಪಾಸಾಯಿತು. ನಮ್ಮ ತಂಡ ಗೆದ್ದಿತು.

ಬಹುಮಾನ ಹಿಡಿದುಕೊಂಡು ಹೊರಗೆ ಕಾಲಿಡುತ್ತಿದ್ದ ಹಾಗೆಯೇ ವಿಜಯಪುರದಿಂದ ಗಂಡನ ಫೋನು. "ನೀ ಅಲ್ಲೇ ಅದಿಯಲ್ಲ, ಖರೇ ಏನದು? ಬಬಲೇಶ್ವರದ ಗಿರಾಕಿ ಫೋನ್ ಮಾಡಿದ್ದ. ಸಣ್ಣ ಅಂಗಡಿ ತೆರಿಗಿ ಎಲ್ಲಾ ತಗದಾರಂತ. ಅರ್ಥ ಸಚಿವರ ಬಾಯಿಂದನ ಕೇಳಿದೆ ಅಂದ."

"ರೀ, ಆಕಿ ನನ್ನ ವಿದ್ಯಾರ್ಥಿನಿ," ಎಂದೆ.

ಆ ಕಡೆ ಗಲ್ಲಾ ಪೆಟ್ಟಿಗೆ ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, "ಆಕಿ ಪಂಪಿನ ಬಿಡಿಭಾಗದ ಬಗ್ಗೆ ಏನರ ಅಂದ್ಲೇನು?" ಎಂದರು.

ತಂಡದ ಜತೆ ಬಬಲೇಶ್ವರದ ಪೇಟೆಗೆ ಬಂದರೆ ಅಲ್ಲಿ ಬೇರೆಯದೇ ಒಂದು ಲೋಕ. ಇಳಿಬಿಸಿಲಿನಲ್ಲಿ ಅಂಗಡಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಒಬ್ಬರಿಗೊಬ್ಬರು ಚಹಾ ಹೇಳುತ್ತಿದ್ದರು. ವರ್ಷಗಟ್ಟಲೆ ಮಾತು ಬಿಟ್ಟವರಂತೆ ಕಾಣುತ್ತಿದ್ದ ಇಬ್ಬರು ಒಂದೇ ಕಟ್ಟೆಯ ಮೇಲೆ ಕುಳಿತಿದ್ದರು. ಎಲ್ಲರ ಹೆಗಲಿನಿಂದ ಏನೋ ಇಳಿದು ಹೋದ ಹಾಗೆ ನಡಿಗೆಯೇ ಹಗುರಾಗಿತ್ತು. ಯಾರೋ ಒಳ್ಳೆಯ ಕನಸು ಕಾಣುತ್ತ ನಗುತ್ತಿರುವಾಗ ಎಬ್ಬಿಸುವುದಕ್ಕೆ ಹೋದವಳ ಹಾಗೆ ನನಗೆ ಕಾಲು ಬರಲಿಲ್ಲ.

ಕಿರಾಣಿ ಅಂಗಡಿಯವರೊಬ್ಬರು ಪೇಢೆಯ ಡಬ್ಬಿ ಹಿಡಿದು ಎದುರಿಗೇ ಬಂದರು. "ತಗೋರಿ ಅಕ್ಕಾರ. ಸುದ್ದಿ ಕೇಳಿದ್ರಿಲ್ಲ? ಹೆಣ್ಣುಮಗಳೊಬ್ಬಾಕಿ ಹೇಳಿದ್ಲು. ಖಡಕ್ ಇದ್ಲು ನೋಡ್ರಿ."

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಮುಂದೆ ಬಂದಳು. ಮೈಕು ಇರಲಿಲ್ಲ, ದನಿ ಮತ್ತೆ ಸಣ್ಣದಾಗಿತ್ತು. "ಸಾವಕಾರ್ರ, ಅದು ನಾನರಿ. ಕಾಲೇಜಿನ ಸ್ಪರ್ಧಾ ಇತ್ತು. ಹೊರಗ ಕೇಳಸ್ತೈತಿ ಅಂತ ಗೊತ್ತಿರಲಿಲ್ರಿ. ಯಾವ ತೆರಿಗೀನೂ ಹೋಗಿಲ್ಲ. ತಪ್ಪಾತ್ರಿ." ಕಣ್ಣು ತುಂಬಿಕೊಂಡಿತ್ತು.

ಅಂಗಡಿಯವರು ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಡಬ್ಬಿಯ ಮುಚ್ಚಳ ಹಾಕಿದರು. ಸುತ್ತ ನಿಂತವರೆಲ್ಲ ಚಹಾದ ಲೋಟ ಹಿಡಿದುಕೊಂಡೇ ಹತ್ತಿರ ಬಂದರು. ಬೈಸಿಕೊಳ್ಳಲು ನಾನು ತಯಾರಾಗಿ ನಿಂತೆ.

ಅವರು ಮುಚ್ಚಳ ಮತ್ತೆ ತೆಗೆದು, ಡಬ್ಬಿಯನ್ನು ಪೂರ್ತಿಯಾಗಿ ಹುಡುಗಿಯ ಕೈಗೇ ಇಟ್ಟರು.

"ಇರಲಿ ತಗೋ ಯವ್ವಾ. ಇಷ್ಟ ವರ್ಷದಾಗ ಎಷ್ಟ ಮಂದಿ ಮೈಕಿನ್ಯಾಗ ತೆರಿಗಿ ತಗದು ಹೋದ್ರು. ಅಂಗಡೀತನಾ ಬಂದು, ನಾ ಹೇಳಿದ್ದು ಸುಳ್ಳು ಅಂತ ಹೇಳಿದ ಅರ್ಥ ಸಚಿವರು ನೀ ಒಬ್ಬಾಕೀನ."