ಒಂದು ಪೋರ್ಟಿಗೆ ಒಂದೇ ಅಡ್ರೆಸ್

ನಮ್ಮ ಚಿಕ್ಕಪ್ಪನ ನಂಬಿಕೆ ಗಳಿಸುವುದಕ್ಕಿಂತ ಪೀಣ್ಯದಲ್ಲಿ ಕಾರು ನಿಲ್ಲಿಸಲು ಜಾಗ ಗಳಿಸುವುದು ಸುಲಭ. ಎರಡಕ್ಕೂ ಪ್ರಯತ್ನಪಟ್ಟವನ ಮಾತಿದು.

ನಾನು ಡಿಸ್ಪ್ಯಾಚ್‌ನಲ್ಲಿರುವ ಫ್ಯಾಕ್ಟರಿಯಲ್ಲೇ ಚಿಕ್ಕಪ್ಪ ನೆಟ್‌ವರ್ಕ್ ನೋಡಿಕೊಳ್ಳುತ್ತಾನೆ. ಮೆಷೀನು, ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವುದು ಸ್ವಿಚ್ ಎಂಬ ಒಂದು ಪೆಟ್ಟಿಗೆಯ ಪೋರ್ಟುಗಳಿಗೆ, ಅಂದರೆ ಅದರ ಮೈಮೇಲಿನ ಸಾಲು ತೂತುಗಳಿಗೆ. ಪ್ರತಿ ಯಂತ್ರಕ್ಕೂ ಹುಟ್ಟುವಾಗಲೇ ಬಂದ, ಮ್ಯಾಕ್ ಅಡ್ರೆಸ್ ಎಂಬ ಗುರುತಿನ ನಂಬರೊಂದಿರುತ್ತದಂತೆ. ಯಾವ ಪೋರ್ಟಿನಲ್ಲಿ ಯಾವ ಅಡ್ರೆಸ್ ಕೂತಿದೆ ಎಂದು ಸ್ವಿಚ್ ತಾನಾಗಿಯೇ ಕಲಿಯುತ್ತದೆ. ಪಾಪ, ಯಾರು ಬಂದರೂ ಕಲಿಯುತ್ತದೆ. ಇಷ್ಟು ಉದಾರ ಬುದ್ಧಿಯನ್ನು ಚಿಕ್ಕಪ್ಪ ಸಹಿಸಿಯಾನೆ? ಒಂದು ಪೋರ್ಟಿಗೆ ಒಂದೇ ಅಡ್ರೆಸ್ ಎಂದು ಕಟ್ಟಪ್ಪಣೆ ಮಾಡಿಬಿಟ್ಟ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ, ಮೊದಲು ಬಂದವನದೇ ಜಾಗ, ಕಾಯಂ. ಬೇರೆಯವರು ಕೂರಲು ಬಂದರೆ ಪೋರ್ಟೇ ಬಂದ್. ಮತ್ತೆ ತೆರೆಯಬೇಕಾದವನೂ ಚಿಕ್ಕಪ್ಪನೇ.

ಒಮ್ಮೆ ಯಜಮಾನರು ಹೊಸ ಲ್ಯಾಪ್‌ಟಾಪ್ ತಂದು ಸಿಕ್ಕಿಸಿದರು. ಪೋರ್ಟು ಸತ್ತಿತು.

"ಏನ್ರೀ, ನನ್ ಫ್ಯಾಕ್ಟರೀಲಿ ನನಗೇ ಎಂಟ್ರಿ ಇಲ್ವಾ?"

"ನಿಮಗಿದೆ ಸಾರ್. ಲ್ಯಾಪ್‌ಟಾಪಿಗಿಲ್ಲ."

ಇದನ್ನು ಹೇಳಿದರೆ ಚಿಕ್ಕಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಮದುವೇಲೂ ಹಿಂಗೇ ಕಣೋ. ಮೊದಲು ನೋಡಿದ್ದು ನನ್ನ. ಎರಡನೇ ಹುಡುಗಿ ಮನೆಗೆ ಕಾಲೇ ಇಡ್ಲಿಲ್ಲ. ನಾನು ಪ್ರೀತಿ ಅಂದ್ಕೊಂಡೆ!"

ಈ ಸಲದ ಆಯುಧಪೂಜೆಗೆ ಬೂದುಗುಂಬಳಕಾಯಿ ಒಡೆದು, ರಜೆ ಮುಗಿಸಿ ಬಂದು ಕರೆಂಟು ಕೊಟ್ಟರೆ ಒಂದು ಮೆಷೀನೂ ಕಂಪ್ಯೂಟರಿನ ಜೊತೆ ಮಾತಾಡುತ್ತಿಲ್ಲ. ಬಿಲ್ಲಿಲ್ಲ, ಲೇಬಲ್ಲಿಲ್ಲ, ಮಾಲು ತುಂಬಿದ ಲಾರಿ ಗೇಟಿನಲ್ಲಿ ಹಾರನ್ ಹೊಡೆಯುತ್ತಿದೆ. ನಾನೂ ಚಿಕ್ಕಪ್ಪನೂ ಓಡಿಹೋಗಿ ನೋಡಿದರೆ, ಪೆಟ್ಟಿಗೆಯ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಕೇಬಲ್ಲುಗಳು ಹಳದಿಯವು ಒಂದು ಕಡೆ, ನೀಲಿಯವು ಒಂದು ಕಡೆ, ಜಡೆ ಹೆಣೆದಷ್ಟು ಓರಣ. ಸ್ವಿಚ್ ಕಣ್ಣು ಬಿಟ್ಟು ನೋಡಿದೆ, ಎಲ್ಲ ಸೀಟಿನಲ್ಲೂ ಬೇರೆಯವರು. ಒಂದೂ ಬಿಡದೆ ಬಾಗಿಲು ಹಾಕಿಕೊಂಡಿದೆ.

ಹೌಸ್‌ಕೀಪಿಂಗ್‌ನ ಕೊಪ್ಪಳದ ಅಕ್ಕ ಮೂಲೆಯಲ್ಲಿ ನಿಂತಿದ್ದಳು. "ಧೂಳ ಭಾಳ ಕುಂತಿತ್ತ್ರೀ ಸರ. ಎಲ್ಲಾ ಬಿಚ್ಚಿ ಒರೆಸಿ ಚಂದಂಗ ಜೋಡಿಸೀನ್ರಿ. ತಪ್ಪಾತೇನ್ರಿ?"

ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಯಜಮಾನರು ನುಗ್ಗಿದರು. "ಯಾರ್ರೀ ಕೇಬಲ್ ಕಿತ್ತಿದ್ದು? ಯಾರೇ ಆಗಿರ್ಲಿ, ಇವತ್ತೇ ಕೆಲಸದಿಂದ ಆಚೆ."

ಅಕ್ಕನ ಮುಖ ಬಿಳಿಚಿತು. ಕಂಟ್ರಾಕ್ಟಿನವಳು, ತೆಗೆದರೆ ಯಾಕೆಂದು ಕೇಳುವವರಿಲ್ಲ.

"ನಾನೇ ಸಾರ್," ಎಂದ ಚಿಕ್ಕಪ್ಪ.

"ನೀವಾ? ಮತ್ತೆ ಈ ವಿಭೂತಿ?"

ಜೀವಮಾನದಲ್ಲಿ ಒಂದು ಊದುಬತ್ತಿ ಹಚ್ಚಿದ ಮನುಷ್ಯನಲ್ಲ. "ಅದೂ ನಾನೇ ಸಾರ್. ಹಬ್ಬ ಅಲ್ವಾ."

ಯಜಮಾನರು ಅವನನ್ನೇ ದಿಟ್ಟಿಸಿದರು. ಕಳಿಸಿದರೆ ಪೋರ್ಟು ತೆರೆಯುವವರು ಯಾರು? ಎಲ್ಲರೆದುರು ಬಾಯಿಗೆ ಬಂದಂತೆ ಬೈದು ಹೊರಟುಹೋದರು. ಚಿಕ್ಕಪ್ಪ ತಲೆ ತಗ್ಗಿಸಿ ಬೈಸಿಕೊಂಡ.

"ಕೇಬಲ್ ಮೊದಲಿನ ಥರಾನೇ ಹಾಕ್ಬಿಡ್ಲಾ ಚಿಕ್ಕಪ್ಪ?" ಎಂದು ನಾನು ಕೈ ಹಾಕಿದೆ.

"ಮುಟ್ಬೇಡ ಕಣೋ. ಅಕ್ಕ ಚೆನ್ನಾಗೇ ಜೋಡಿಸಿದ್ದಾರೆ."

ಸ್ವಿಚ್ ಕಲಿತಿದ್ದ ಅಡ್ರೆಸ್‌ಗಳನ್ನೆಲ್ಲ ಅಳಿಸಿ, ಅವಳು ಕೂರಿಸಿದ ಜಾಗದಲ್ಲೇ ಎಲ್ಲರನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳಲು ಬಿಟ್ಟ.